ಹಾಲು ಆಮೇಲೆ, ಮೊದಲು ಮೈ ಬೆಚ್ಚಗಾಗಲಿ

ಎಲ್ಲರಿಗೂ ನಮಸ್ಕಾರ. ಹಿಂದೆ ನಿಂತಿರುವವರು ದಯವಿಟ್ಟು ಮುಂದೆ ಬನ್ನಿ, ಇಲ್ಲಿ ಕುರ್ಚಿ ಖಾಲಿ ಇವೆ.

ಇಲ್ಲಿ ಕೂತವರಲ್ಲಿ ಬೆಕ್ಕು ಸಾಕದವರು ಯಾರೂ ಇಲ್ಲ ಅಂತ ಕಾಣುತ್ತದೆ. ಆದ್ದರಿಂದ ಬೆಕ್ಕು ಹೇಗೆ ಮರಿ ಹಾಕುತ್ತದೆ, ಎಲ್ಲಿ ಹಾಕುತ್ತದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದು ಎಲ್ಲಿ ಹಾಕುತ್ತದೆ ಅಂತ ನಿಮಗೆ ಚೆನ್ನಾಗಿ ಗೊತ್ತು: ನೀವು ಮುತುವರ್ಜಿಯಿಂದ ಸಿದ್ಧ ಮಾಡಿಟ್ಟ ಪೆಟ್ಟಿಗೆ ಬಿಟ್ಟು ಬೇರೆ ಎಲ್ಲ ಕಡೆ. ಇವತ್ತು ನಾನು ಮಾತಾಡುವುದು ಒಂದೇ ಮರಿಯ ಬಗ್ಗೆ. ನಾಲ್ಕೈದು ಮರಿಗಳಲ್ಲಿ ಒಂದು ಇರುತ್ತದಲ್ಲ, ಉಳಿದವು ಮೊಲೆಗೆ ಮುಗಿಬಿದ್ದಾಗ ಪಕ್ಕದಲ್ಲಿ ಸುಮ್ನೆ ಬಿದ್ದಿರುವುದು. ಆ ಮರಿ.

ಕಳೆದ ವಾರ ಒಬ್ಬರು ಫೋನ್ ಮಾಡಿದರು. ಮರಿ ಹುಟ್ಟಿ ಎರಡು ದಿನ. "ಹಾಲು ಕುಡಿಯುತ್ತಿಲ್ಲ, ಬೆಳಿಗ್ಗೆಯಿಂದ ಸಿರಿಂಜಲ್ಲಿ ಬಾಯಿಗೆ ಹಾಕ್ತಾ ಇದ್ದೀವಿ, ಮೂಗಿಂದ ವಾಪಸ್ ಬರ್ತಾ ಇದೆ" ಅಂದರು. ಮರಿಯ ಮೈ ಮುಟ್ಟಿ ನೋಡಿ ಅಂದೆ. "ತಣ್ಣಗಿದೆ" ಅಂದರು. ನಾನು ಅವರ ಮನೆ ಸೇರುವಷ್ಟರಲ್ಲಿ ಮರಿ ಹೋಗಿತ್ತು. ಆ ಮನೆಯವರೆಲ್ಲ ರಾತ್ರಿಯಿಡೀ ಎಚ್ಚರವಿದ್ದರು. ಮಾಡಿದ್ದೆಲ್ಲ ಪ್ರೀತಿಯಿಂದಲೇ. ಇಂಥದ್ದನ್ನು ನಾನು ತುಂಬಾ ಸಲ ನೋಡಿದ್ದೇನೆ. ಅದಕ್ಕೇ ಇವತ್ತು ಬೇರೆ ಯಾವುದು ನಿಮ್ಮ ತಲೆಯಲ್ಲಿ ಉಳಿಯದಿದ್ದರೂ ಪರವಾಗಿಲ್ಲ, ಇದೊಂದು ಉಳಿಯಲಿ. ಮೈ ತಣ್ಣಗಿರುವ ಮರಿಗೆ ಹಾಲು ಹಾಕಬೇಡಿ. ಮೊದಲು ಬೆಚ್ಚಗೆ ಮಾಡಿ.

ಯಾಕೆ ಅಂತ ಹೇಳುತ್ತೇನೆ. ಹೊಸದಾಗಿ ಹುಟ್ಟಿದ ಮರಿಗೆ ತನ್ನ ಮೈಯ ಬಿಸಿಯನ್ನು ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ನಮಗೆ ಚಳಿಯಾದರೆ ನಡುಗುತ್ತೇವೆ, ನಡುಗಿದರೆ ಮೈ ಬಿಸಿಯಾಗುತ್ತದೆ. ಮೊದಲ ವಾರದ ಮರಿಗೆ ಆ ನಡುಕವೇ ಇಲ್ಲ. ಬಿಸಿ ಬೇಕೆಂದರೆ ತಾಯಿಯ ಹೊಟ್ಟೆಗೋ ಒಡಹುಟ್ಟಿದವುಗಳಿಗೋ ಅಂಟಿಕೊಳ್ಳಬೇಕು. ಆ ಗುಂಪಿನಿಂದ ಸ್ವಲ್ಪ ಆಚೆ ಉರುಳಿತೋ, ಮೈ ತಣ್ಣಗಾಗಲು ಶುರು. ಮೊದಲ ವಾರದಲ್ಲಿ ಮರಿಯ ಮೈ ಬಿಸಿ 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರಬೇಕು. ದೊಡ್ಡ ಬೆಕ್ಕಿಗಿಂತ ಇದು ಕಡಿಮೆಯೇ, ಅದಕ್ಕೆ 38ರಿಂದ 39 ಇರುತ್ತದೆ. ಮರಿಯದು 35ಕ್ಕಿಂತ ಕೆಳಗೆ ಇಳಿಯುತ್ತಾ ಹೋದಂತೆ ಚೀಪುವ ಶಕ್ತಿ ಹೋಗುತ್ತದೆ. ಕರುಳಿನ ಚಲನೆ ನಿಲ್ಲುತ್ತದೆ. ಆಗ ನೀವು ಹಾಕಿದ ಹಾಲು ಹೊಟ್ಟೆಯಲ್ಲಿ ಜೀರ್ಣವಾಗದೆ ಹಾಗೇ ನಿಲ್ಲುತ್ತದೆ, ಹೊಟ್ಟೆ ಉಬ್ಬುತ್ತದೆ. ಇಲ್ಲವೇ ನುಂಗಲಾಗದೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಎರಡೂ ಸಾವಿನ ದಾರಿಯೇ.

ಅಂದರೆ ಮರಿ ಕುಡಿಯದೆ ಇರುವುದರಿಂದ ತಣ್ಣಗಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಎಷ್ಟೋ ಸಲ ತಣ್ಣಗಾದ್ದರಿಂದಲೇ ಅದು ಕುಡಿಯುವುದನ್ನು ಬಿಟ್ಟಿರುತ್ತದೆ.

ಇದನ್ನು ನಾನು ಕಲಿತಿದ್ದು ಒಂದು ಮರಿಯನ್ನು ಕಳೆದುಕೊಂಡು, ಇನ್ನೊಂದನ್ನು ಉಳಿಸಿಕೊಂಡು. ಕಳೆದುಕೊಂಡಿದ್ದರ ಬಗ್ಗೆ ಜಾಸ್ತಿ ಹೇಳಲು ಈಗಲೂ ಆಗುವುದಿಲ್ಲ. ಆ ಮನೆಯವರು ಮಾಡಿದ್ದನ್ನೇ ನಾನೂ ಮಾಡಿದ್ದೆ. ಉಳಿದ ಮರಿಯ ಹೆಸರು ಚೋಟು. ಅದರ ಕಥೆ ಕೇಳಿದವರು ಇಲ್ಲಿ ನಾಲ್ಕೈದು ಜನ ಇದ್ದೀರಿ, ಇನ್ನೊಮ್ಮೆ ಕೇಳಿ.

ನಮ್ಮ ಮನೆಯ ಬೆಕ್ಕಿಗೆ ಅದು ಮೊದಲ ಸೂಲು. ನಾಲ್ಕು ಮರಿ. ಮೂರು 100 ಗ್ರಾಂ ಆಸುಪಾಸು, ನಾಲ್ಕನೆಯದು 74. ಆರೋಗ್ಯವಾದ ಮರಿ ಸಾಮಾನ್ಯವಾಗಿ 90ರಿಂದ 110 ಗ್ರಾಂ ಇರುತ್ತದೆ, ಹಾಗಾಗಿ ಇದು ಹುಟ್ಟಿದಾಗಲೇ ಹಿಂದೆ. ಬೆಳಗಿನ ಜಾವ ಎದ್ದು ನೋಡಿದರೆ ಪೆಟ್ಟಿಗೆಯ ಮೂಲೆಯಲ್ಲಿ ಒಂಟಿಯಾಗಿ ಬಿದ್ದಿದೆ. ಎತ್ತಿ ತಾಯಿಯ ಹೊಟ್ಟೆಯ ಹತ್ತಿರ ಇಟ್ಟೆ. ತಾಯಿ ಮೂಸಿ ನೋಡಿ ಮೂತಿಯಿಂದ ಆಚೆ ತಳ್ಳಿತು. ಮತ್ತೆ ಇಟ್ಟೆ, ಮತ್ತೆ ತಳ್ಳಿತು. ನನಗೆ ಆ ಬೆಕ್ಕಿನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ! ಹೆತ್ತ ತಾಯಿ ಹೀಗೆ ಮಾಡುತ್ತಾಳಾ ಅಂತ.

ಸಿರಿಂಜ್ ತುಂಬಿಕೊಂಡು ಪಶುವೈದ್ಯರಿಗೆ ಫೋನ್ ಮಾಡಿದೆ. ಅವರು ಮೊದಲು ಹೇಳಿದ್ದೇ, "ಸಿರಿಂಜ್ ಕೆಳಗಿಡಿ" ಅಂತ. "ಕೈ ತೊಳೆದುಕೊಂಡು ಕಿರುಬೆರಳಿನ ತುದಿಯನ್ನು ಮರಿಯ ಬಾಯಿಗೆ ಇಡಿ. ಒಳಗೆ ಬೆಚ್ಚಗಿದೆಯಾ?" ಇಟ್ಟು ನೋಡಿದೆ. ಬಾಯಿಯ ಒಳಗೂ ತಣ್ಣಗಿತ್ತು. ಚೀಪಲಿಲ್ಲ, ಬೆರಳನ್ನು ಒತ್ತಲೂ ಇಲ್ಲ. "ಹಾಗಾದರೆ ಈಗ ಹಾಲಿನ ಮಾತೇ ಬೇಡಮ್ಮ. ಅದನ್ನು ನಿಮ್ಮ ಎದೆಗೆ, ಬಟ್ಟೆಯ ಒಳಗೆ ಇಟ್ಟುಕೊಂಡು ಕೂತುಬಿಡಿ. ಗಂಟೆ ಆಗಲಿ, ಎರಡು ಗಂಟೆ ಆಗಲಿ" ಅಂದರು.

ಕೂತೆ. ಮೇಲಿಂದ ಒಂದು ಶಾಲು. ಅರ್ಧ ಗಂಟೆ ಏನೂ ಇಲ್ಲ. ಸುಮ್ಮನೆ ಕೂತಿರುವುದು ಅಂದರೆ ಏನು ಕಷ್ಟ ಅಂತ ಅವತ್ತು ಗೊತ್ತಾಯಿತು. ಏನಾದರೂ ಮಾಡಬೇಕು, ಏನಾದರೂ ಹಾಕಬೇಕು ಅಂತ ಕೈ ತುಡಿಯುತ್ತದೆ. ಮುಕ್ಕಾಲು ಗಂಟೆಯಾದ ಮೇಲೆ ಒಂದು ಕಾಲು ಅಲುಗಿತು. ಆಮೇಲೆ ಎದೆಯ ಮೇಲೆ ಏನೋ ಕೆರೆದ ಹಾಗೆ ಆಯಿತು. ತಲೆ ಅತ್ತಿತ್ತ ಆಡಿಸುತ್ತಾ ಮೊಲೆ ಹುಡುಕುತ್ತಿತ್ತು! ಬಾಯಿಗೆ ಬೆರಳಿಟ್ಟರೆ ಒಳಗೆ ಬೆಚ್ಚಗಿತ್ತು, ಬೆರಳನ್ನು ಹಿಡಿದು ಎಳೆಯಿತು. ತಗೊಂಡು ಹೋಗಿ ತಾಯಿಯ ಹತ್ತಿರ ಇಟ್ಟೆ. ಅದೇ ತಾಯಿ, ಅದೇ ಮರಿ. ಈ ಸಲ ತಳ್ಳಲಿಲ್ಲ. ತಲೆಯಿಂದ ಬಾಲದವರೆಗೂ ನೆಕ್ಕಿತು, ಮಗ್ಗುಲಾಗಿ ಹೊಟ್ಟೆ ಒಡ್ಡಿತು.

ಆ ತಾಯಿಯನ್ನು ಬೈದಿದ್ದಕ್ಕೆ ಈಗಲೂ ನನಗೆ ನೋವಿದೆ. ತಣ್ಣಗಾದ ಮರಿಯನ್ನು ತಾಯಿ ಬೆಕ್ಕು ಪಕ್ಕಕ್ಕೆ ಸರಿಸುವುದು ಅಪರೂಪವಲ್ಲ. ಅದೇ ಮರಿ ಬೆಚ್ಚಗಾಗಿ ಅಲುಗಾಡುತ್ತಾ ಬಂದರೆ ಎಷ್ಟೋ ಸಲ ಸೇರಿಸಿಕೊಳ್ಳುತ್ತದೆ. ದಯವಿಟ್ಟು ತಾಯಿಯನ್ನು ದೂರಬೇಡಿ, ಮರಿಯ ಮೈ ಮುಟ್ಟಿ ನೋಡಿ.

ಬಿಸಿ ಕೊಡುವುದು ಹೇಗೆ? ನಿಧಾನವಾಗಿ. ಒಂದರಿಂದ ಮೂರು ಗಂಟೆ ಹಿಡಿಯಲಿ. ತಟ್ಟನೆ ಬಿಸಿ ಮಾಡಿದರೆ ಪುಟ್ಟ ಹೃದಯ ತಡೆದುಕೊಳ್ಳುವುದಿಲ್ಲ. ಬಿಸಿನೀರಲ್ಲಿ ಅದ್ದಬೇಡಿ. ಹೇರ್ ಡ್ರೈಯರ್ ಹಿಡಿದು ಕೂರಬೇಡಿ. ನಿಮ್ಮ ಮೈಯ ಶಾಖ ಒಳ್ಳೆಯದು. ಇಲ್ಲದಿದ್ದರೆ ಬಿಸಿನೀರು ತುಂಬಿದ ಬಾಟಲಿಗೆ ಎರಡು ಸುತ್ತು ಬಟ್ಟೆ ಸುತ್ತಿ ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಇಡಿ. ಬಿಸಿ ಜಾಸ್ತಿಯಾದರೆ ಮರಿ ಆಚೆ ತೆವಳಲು ಜಾಗ ಬೇಕಲ್ವಾ? ತೀರಾ ನಿತ್ರಾಣವಾದ ಮರಿಗೆ ತೆವಳಲೂ ಆಗುವುದಿಲ್ಲ, ಅದನ್ನು ನೀವೇ ಆಗಾಗ ಮಗ್ಗುಲು ಬದಲಾಯಿಸಬೇಕು, ಇಲ್ಲದಿದ್ದರೆ ಮೈ ಸುಡುತ್ತದೆ. ನೀರು ಆರಿದ ಬಾಟಲಿ ಮರಿಯ ಬಿಸಿಯನ್ನೇ ಎಳೆದುಕೊಳ್ಳುತ್ತದೆ, ಅದನ್ನು ಮರೆಯದೆ ಬದಲಿಸಿ. ಮೊದಲ ವಾರ ಮರಿ ಮಲಗುವ ಜಾಗ 29ರಿಂದ 32 ಡಿಗ್ರಿ ಇದ್ದರೆ ಸಾಕು.

ಬಿಸಿಯಾಯಿತು, ಆದರೂ ಮರಿ ಜೋಲುತ್ತಿದೆ. ಆಗ ಸಕ್ಕರೆಯ ಅಂಶ ಇಳಿದಿರಬಹುದು. ಇಷ್ಟು ಚಿಕ್ಕ ಮರಿಯ ಮೈಯಲ್ಲಿ ಸಕ್ಕರೆಯ ದಾಸ್ತಾನು ತೀರಾ ಕಡಿಮೆ. ಗ್ಲೂಕೋಸ್ ನೀರಿನ ಒಂದೆರಡು ಹನಿಯನ್ನು ಬೆರಳಲ್ಲಿ ಒಸಡಿಗೆ ಸವರಿ. ಬಾಯಿಗೆ ಸುರಿಯುವುದಲ್ಲ, ಸವರುವುದು. ಸವರಿ ಪಶುವೈದ್ಯರ ಹತ್ತಿರ ಹೊರಡಿ.

ಈಗ ಹಾಲಿಗೆ ಬರೋಣ. ಮೊಟ್ಟಮೊದಲು ತಾಯಿಯ ಗಿಣ್ಣು ಹಾಲು. ರೋಗ ತಡೆಯುವ ಶಕ್ತಿ ಬಹುಪಾಲು ಮರಿಗೆ ಸಿಗುವುದು ಅದರಿಂದಲೇ, ಅದೂ ಹುಟ್ಟಿದ ಮೊದಲ 16ರಿಂದ 18 ಗಂಟೆಯೊಳಗೆ ಕುಡಿದರೆ. ಆಮೇಲೆ ಕರುಳು ಅದನ್ನು ಹೀರಿಕೊಳ್ಳುವುದಿಲ್ಲ. ಅದಕ್ಕೇ ಸಿರಿಂಜ್ ಹುಡುಕುವ ಮೊದಲು ಮರಿಯನ್ನು ತಾಯಿಯ ಮೊಲೆಗೇ ಹಚ್ಚಲು ನೋಡಿ. ಗಟ್ಟಿ ಮರಿಗಳನ್ನು 15-20 ನಿಮಿಷ ಬೆಚ್ಚಗಿನ ಜಾಗದಲ್ಲಿ ಬೇರೆ ಇಟ್ಟು ಈ ಚಿಕ್ಕದನ್ನು ಒಂದೇ ಬಿಡಿ. ಚೋಟುವಿಗೆ ನಾನು ಮಾಡಿದ್ದು ಇದನ್ನೇ. ತೊಟ್ಟನ್ನು ಮೆಲ್ಲಗೆ ಒತ್ತಿ ಒಂದು ಹನಿ ಹಾಲು ಬರಿಸಿ, ಮರಿಯ ತುಟಿಗೆ ತಾಗಿಸಿ. ಆಗಲೇ ತಾಯಿಯ ಮೊಲೆಗಳನ್ನೂ ನೋಡಿಬಿಡಿ. ಗಟ್ಟಿಯಾಗಿ, ಕೆಂಪಗೆ, ಸುಡುತ್ತಾ ಇದ್ದರೆ ಕೆಚ್ಚಲು ಬಾವು ಇರಬಹುದು. ಆಗ ಚಿಕಿತ್ಸೆ ಬೇಕಾಗಿರುವುದು ತಾಯಿಗೆ.

ಕೈಯಿಂದಲೇ ಕುಡಿಸಬೇಕಾದರೆ ಹಸುವಿನ ಹಾಲು ಬೇಡ. ಬೆಕ್ಕಿನ ಹಾಲಿನಲ್ಲಿ ಪ್ರೋಟೀನ್ ಅದರ ಎರಡು ಪಟ್ಟು ಅಥವಾ ಇನ್ನೂ ಜಾಸ್ತಿ ಇದೆ. ಹಸುವಿನ ಹಾಲು ಕುಡಿಸಿದರೆ ಭೇದಿಯೂ ಆಗುತ್ತದೆ, ಹೊಟ್ಟೆಯೂ ತುಂಬುವುದಿಲ್ಲ. ಬೆಕ್ಕಿನ ಮರಿಗಳಿಗೆಂದೇ ಮಾಡಿದ ಹಾಲಿನ ಪುಡಿ ಸಿಗುತ್ತದೆ, ಅದನ್ನು ಡಬ್ಬಿಯ ಮೇಲೆ ಬರೆದ ಅಳತೆಯಲ್ಲೇ ಕಲಸಿ. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟರೆ ಉಗುರುಬೆಚ್ಚಗೆ ಅನ್ನಿಸಬೇಕು.

ಇನ್ನು ಹಿಡಿಯುವ ರೀತಿ. ದಯವಿಟ್ಟು ಇದನ್ನು ಗಮನವಿಟ್ಟು ಕೇಳಿ. ಮಗುವನ್ನು ಮಲಗಿಸಿಕೊಂಡ ಹಾಗೆ ಮರಿಯನ್ನು ಅಂಗಾತ ಹಿಡಿಯಬೇಡಿ. ಫೋಟೋಗಳಲ್ಲಿ ಹಾಗೆ ಹಿಡಿದಿದ್ದನ್ನು ನೋಡಿದಾಗಲೆಲ್ಲ ನನಗೆ ಎದೆ ಧಸಕ್ ಅನ್ನುತ್ತದೆ. ಮರಿ ತಾಯಿಯ ಹತ್ತಿರ ಹೇಗೆ ಕುಡಿಯುತ್ತದೆ? ಹೊಟ್ಟೆ ನೆಲಕ್ಕೆ, ತಲೆ ಸ್ವಲ್ಪ ಮೇಲೆ, ಮುಂಗಾಲಲ್ಲಿ ಮೊಲೆ ಒತ್ತುತ್ತಾ. ಹಾಗೇ ಇರಲಿ. ಒಂದು ಟವೆಲ್ ಮೇಲೆ ಬೋರಲಾಗಿ ಕೂರಿಸಿ. ಸಿರಿಂಜಾದರೆ ಹನಿ ಹನಿಯಾಗಿ. ಮರಿ ನುಂಗಿದ ಮೇಲೆ ಮುಂದಿನ ಹನಿ. ನೀವು ತಳ್ಳುವುದಲ್ಲ, ಅದು ಎಳೆದುಕೊಳ್ಳಬೇಕು. ಮೂಗಲ್ಲಿ ಹಾಲು ಕಂಡರೆ ತಕ್ಷಣ ನಿಲ್ಲಿಸಿ, ತಲೆ ಕೆಳಮುಖ ಮಾಡಿ ಒರೆಸಿ. ಪ್ರತಿ ಸಲವೂ ಮೂಗಿಂದಲೇ ಬರುತ್ತಿದ್ದರೆ ಬಾಯಿಯ ಮೇಲ್ಭಾಗ ನೋಡಿ, ಅಂಗುಳ ಸೀಳಿರಬಹುದು.

ಎಷ್ಟು ಕುಡಿಸಬೇಕು? 100 ಗ್ರಾಂ ತೂಕದ ಮರಿಯ ಹೊಟ್ಟೆಗೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 4 ಮಿಲಿಲೀಟರ್. ಹಾಗಾದರೆ 74 ಗ್ರಾಂ ಚೋಟುವಿಗೆ 3 ಮಿಲಿಲೀಟರ್. ಒಂದು ಚಿಕ್ಕ ಚಮಚವೂ ಇಲ್ಲ! ಹೊಟ್ಟೆ ಇಷ್ಟು ಚಿಕ್ಕದಿರುವುದರಿಂದಲೇ ಮೊದಲ ವಾರ ಎರಡು ಮೂರು ಗಂಟೆಗೊಮ್ಮೆ ಕೊಡಬೇಕು, ರಾತ್ರಿಯೂ. ಒಂದೇ ಸಲ ಜಾಸ್ತಿ ಕುಡಿಸಿ ನೀವು ನಿದ್ದೆ ಮಾಡಲಾಗುವುದಿಲ್ಲ. ಮತ್ತೆ ಹೇಳುತ್ತೇನೆ, ಪ್ರತಿ ಸಲ ಕುಡಿಸುವ ಮೊದಲು ಬಾಯಿಗೆ ಬೆರಳಿಟ್ಟು ನೋಡಿ. ಬೆಚ್ಚಗಿದ್ದರೆ ಮಾತ್ರ ಹಾಲು. ಮೊದಲ ಸಲ ನೋಡಿದೆವಲ್ಲ ಅಂತ ಬಿಡಬೇಡಿ, ಎರಡು ಗಂಟೆಯಲ್ಲಿ ಮರಿ ಮತ್ತೆ ತಣ್ಣಗಾಗಿರಬಹುದು.

ಚೋಟುವಿನ ತೂಕ ಬರೆದ ಪುಸ್ತಕ ತಂದಿದ್ದೇನೆ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ದಿನಾ ಒಂದೇ ಹೊತ್ತಿಗೆ ತೂಗಿದ್ದು. ಓದುತ್ತೇನೆ. 74. 72. 73. ಮೂರು ದಿನ ಹೀಗೇ. ನಾಲ್ಕನೇ ದಿನ 78. ಅವತ್ತು ಅಕ್ಷರ ಸ್ವಲ್ಪ ಸೊಟ್ಟಗಿದೆ, ಖುಷಿಗೆ ಕೈ ನಡುಗಿತ್ತು. 86. 97. ಆಮೇಲೆ ದಿನಕ್ಕೆ 10-12 ಗ್ರಾಂ ಏರುತ್ತಾ ಹೋಯಿತು. ಚೆನ್ನಾಗಿ ಕುಡಿಯುವ ಮರಿ ದಿನಕ್ಕೆ 10ರಿಂದ 15 ಗ್ರಾಂ ಏರಬೇಕು. ಮೊದಲ ದಿನ ಸ್ವಲ್ಪ ಇಳಿದರೆ ಗಾಬರಿ ಬೇಡ. ಆಮೇಲೆ ಒಂದಿಡೀ ದಿನ ತೂಕ ಏರದಿದ್ದರೆ ಎಚ್ಚರವಾಗಿ, ಇಳಿದರೆ ಅವತ್ತೇ ವೈದ್ಯರ ಹತ್ತಿರ ಹೋಗಿ. ಕಣ್ಣಿಗೆ ಮರಿ ಚೆನ್ನಾಗೇ ಕಾಣುತ್ತಿರುತ್ತದೆ, ಮೊಲೆ ಬಾಯಲ್ಲೇ ಇರುತ್ತದೆ, ಆದರೆ ಹಾಲು ಒಳಗೆ ಹೋಗುತ್ತಿರುವುದಿಲ್ಲ. ಅದನ್ನು ತಕ್ಕಡಿಯೇ ಹೇಳಬೇಕು.

ಹತ್ತು ನಿಮಿಷ ಉಳಿದಿದೆ ಅಂತ ಚೀಟಿ ಬಂದಿದೆ. ನಿಮ್ಮ ಪ್ರಶ್ನೆಗಳಿಗೂ ಸಮಯ ಬೇಕು, ಉಳಿದಿದ್ದನ್ನು ಬೇಗ ಹೇಳಿಬಿಡುತ್ತೇನೆ.

ಮೂರು ವಾರದವರೆಗೆ ಮರಿ ತಾನಾಗಿ ಉಚ್ಚೆ, ಕಕ್ಕ ಮಾಡುವುದಿಲ್ಲ, ತಾಯಿ ನೆಕ್ಕಿ ಮಾಡಿಸುತ್ತದೆ. ತಾಯಿ ಇಲ್ಲದಿದ್ದರೆ ಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಸಲ ಹಾಲಿಗೆ ಮೊದಲು ಅಥವಾ ಆಮೇಲೆ ನೀವೇ ಮೆಲ್ಲಗೆ ಸವರಿ. ಉಚ್ಚೆ ಬಹುತೇಕ ಬಣ್ಣವಿಲ್ಲದೆ ಇರಬೇಕು. ಗಾಢ ಹಳದಿಯಾದರೆ ನೀರಿನಂಶ ಕಡಿಮೆಯಾಗಿದೆ.

ಗಟ್ಟಿಯಾಗಿ ಹುಟ್ಟಿ, ಮೊದಲ ದಿನ ಚೆನ್ನಾಗಿ ಕುಡಿದು, ಆಮೇಲೆ ಕುಸಿದು, ಉಚ್ಚೆ ಕಂದುಗೆಂಪು ಬಣ್ಣಕ್ಕೆ ತಿರುಗಿದರೆ ತಾಯಿಯದೂ ಮರಿಯದೂ ರಕ್ತದ ಗುಂಪು ಹೊಂದದೆ ಇರಬಹುದು. ತಾಯಿ ಬಿ ಗುಂಪು, ಮರಿ ಎ ಗುಂಪು ಆದಾಗ ಹೀಗಾಗುತ್ತದೆ. ಬ್ರಿಟಿಷ್ ಶಾರ್ಟ್‌ಹೇರ್, ಡೆವನ್ ರೆಕ್ಸ್‌ನಂಥ ತಳಿ ಸಾಕುವವರು ಮರಿ ಹಾಕಿಸುವ ಮೊದಲೇ ರಕ್ತ ಪರೀಕ್ಷೆ ಮಾಡಿಸಿ.

ಚಿಗಟ. ಇಷ್ಟು ಚಿಕ್ಕ ಮೈಯಲ್ಲಿ ಚಿಗಟ ತುಂಬಿದರೆ ರಕ್ತ ಹೀರಿಯೇ ಮರಿಯನ್ನು ಕೊಲ್ಲುತ್ತವೆ. ಒಸಡು ಬಿಳಿಚಿಕೊಂಡಿದೆಯಾ ನೋಡಿ. ದೊಡ್ಡ ಬೆಕ್ಕಿನ ಔಷಧಿ ಹಾಕಬೇಡಿ, ನಾಯಿಯದಂತೂ ಬೇಡವೇ ಬೇಡ. ಸಣ್ಣ ಹಲ್ಲಿನ ಬಾಚಣಿಗೆಯಿಂದ ಬಾಚಿ ತೆಗೆಯಿರಿ. ಮೈ ಒದ್ದೆ ಮಾಡಿದರೆ ಪೂರ್ತಿ ಒಣಗಿಸಿ ಬೆಚ್ಚಗಿಡಿ. ನೋಡಿ, ಮತ್ತೆ ಅಲ್ಲಿಗೇ ಬಂದೆ.

ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಮರಿಗೂ ತಾಯಿಗೂ. ನಿದ್ದೆಯಲ್ಲಿ ಮರಿ ಆಗಾಗ ಬೆಚ್ಚಿಬಿದ್ದ ಹಾಗೆ ಅದುರಿದರೆ ಹೆದರಬೇಡಿ, ಅದು ಆರೋಗ್ಯದ ಲಕ್ಷಣ. ಹೊಟ್ಟೆ ತುಂಬಿದ, ಬೆಚ್ಚಗಿರುವ ಮರಿ ಸುಮ್ಮನೆ ಮಲಗುತ್ತದೆ. 20 ನಿಮಿಷವಾದರೂ ಅಳು ನಿಲ್ಲದಿದ್ದರೆ ಏನೋ ತೊಂದರೆ ಇದೆ ಅಂತ ಅರ್ಥ. ಮೂಗಿಗೆ ಕೊಳವೆ ಹಾಕಿ, ಅಲ್ಲ, ತಪ್ಪು ಹೇಳಿದೆ, ಬಾಯಿಯಿಂದ ಹೊಟ್ಟೆಗೆ ಕೊಳವೆ ಹಾಕಿ ಕುಡಿಸುವ ವಿಧಾನ ಇದೆ. ಅದನ್ನು ಮಾತಿನಲ್ಲಿ ಕಲಿಸುವುದಿಲ್ಲ, ವೈದ್ಯರ ಎದುರು ಕೂತು ಕಲಿಯಿರಿ.

ಇಷ್ಟೆಲ್ಲ ಮಾಡಿದರೂ ಕೆಲವು ಮರಿ ಉಳಿಯುವುದಿಲ್ಲ. ಹುಟ್ಟುವಾಗಲೇ ಒಳಗೆ ಏನೋ ಕೊರತೆ ಇರುತ್ತದೆ, ಇಲ್ಲವೇ ಸೋಂಕು ಇರುತ್ತದೆ. ಹಾಗೆ ಹೋದ ಮರಿಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತವರು ಇಲ್ಲಿ ಹಲವರಿದ್ದೀರಿ. ಅದು ನಿಮ್ಮ ತಪ್ಪಲ್ಲ.

ಅಲ್ಲಿ ಮೇಜಿನ ಮೇಲೆ ತಕ್ಕಡಿ, ಮೆತ್ತಗಿನ ತುದಿಯ ಥರ್ಮಾಮೀಟರ್, 1 ಮಿಲಿಲೀಟರಿನ ಸಿರಿಂಜ್, ಬಟ್ಟೆ ಸುತ್ತಿದ ಬಾಟಲಿ ಎಲ್ಲ ಇಟ್ಟಿದ್ದೇನೆ. ಮರಿಯ ಬದಲಿಗೆ ಒಂದು ಕಾಲುಚೀಲದಲ್ಲಿ 74 ಗ್ರಾಂ ಮರಳು ತುಂಬಿ ತಂದಿದ್ದೇನೆ. ಒಬ್ಬೊಬ್ಬರಾಗಿ ಬಂದು ಅದನ್ನು ಅಂಗೈಯಲ್ಲಿ ಹಿಡಿದು ನೋಡಿ, ಎಷ್ಟು ಹಗುರ ಅಂತ. ಬೋರಲಾಗಿ ಹಿಡಿಯುವುದನ್ನು ಅದರ ಮೇಲೇ ತೋರಿಸುತ್ತೇನೆ. ಪ್ರಶ್ನೆ ಇರುವವರು ಅಲ್ಲೇ ಕೇಳಿ.