ಗಿಲಾ ನದಿಯ ನೀರು ಎಲ್ಲಿಗೆ ಹೋಯಿತು?

ನಮಸ್ಕಾರ. ಮಧುಮೇಹದ ಕುರಿತಾದ ಕಳೆದ ಸಂಚಿಕೆಗೆ ವೀಕ್ಷಕರೊಬ್ಬರು ಹೀಗೆ ಬರೆದಿದ್ದಾರೆ: "ಅಮೆರಿಕದ ಮೂಲನಿವಾಸಿಗಳ ಜೀನಿನಲ್ಲೇ ಸಕ್ಕರೆ ಕಾಯಿಲೆ ಇದೆ ಸಾರ್, ಹಣೆಬರಹ, ಯಾರೇನು ಮಾಡಲಾದೀತು?" ಕೊನೆಗೆ ಕೈಮುಗಿದ ಚಿತ್ರ ಬೇರೆ. ಈ ಮಾತು ಮೂರು ದಿನದಿಂದ ಗಂಟಲಿಗೆ ಸಿಕ್ಕಿದ ಮೀನಿನ ಮುಳ್ಳಿನಂತೆ ಚುಚ್ಚುತ್ತಿರುವುದರಿಂದ, ಇಂದಿಗೆ ಗೊತ್ತುಮಾಡಿದ್ದ ವಿಷಯವನ್ನು ಬದಿಗಿಟ್ಟಿದ್ದೇನೆ.

ಅಮೆರಿಕದ ಅರಿಜೋನಾ ರಾಜ್ಯದ ಮೂಲನಿವಾಸಿಗಳಾದ ಪೀಮಾ ಜನ ತಮ್ಮನ್ನು ಕರೆದುಕೊಳ್ಳುವುದು ಅಕಿಮೆಲ್ ಓಓಧಮ್ ಎಂದು, ಅಂದರೆ ನದಿಯ ಜನ. ಗಿಲಾ ನದಿಯಿಂದ ಕಾಲುವೆ ತೋಡಿ ಮೆಕ್ಕೆಜೋಳ, ಗೋಧಿ, ಕುಂಬಳ, ನಮ್ಮ ಹುರುಳಿಯಂತೆ ಒಣನೆಲಕ್ಕೆ ಹೇಳಿ ಮಾಡಿಸಿದ ಟೆಪರಿ ಕಾಳು ಬೆಳೆಯುತ್ತಿದ್ದ ಇವರು, ಚಿನ್ನ ಹುಡುಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ ಗೋಧಿ ಮಾರುವಷ್ಟು ಅನುಕೂಲಸ್ಥರಾಗಿದ್ದರು. 19ನೆಯ ಶತಮಾನ ಮುಗಿಯುವ ಹೊತ್ತಿಗೆ ನದಿಯ ಮೇಲ್ಭಾಗದಲ್ಲಿ ಬಂದು ನೆಲೆಸಿದವರು ನೀರನ್ನು ತಮ್ಮ ಹೊಲಗಳಿಗೆ ತಿರುಗಿಸಿಕೊಂಡರು. ಕಾಲುವೆಯ ಕೊನೆ ಭಾಗದ ರೈತನ ಪಾಡೇನೆಂದು ಮಂಡ್ಯದವರಿಗೆ, ರಾಯಚೂರಿನವರಿಗೆ ನಾನು ವಿವರಿಸಬೇಕಿಲ್ಲ. ಬೆಳೆ ಒಣಗಿತು, ಹಸಿವು ಬಂತು, ಅದರ ಹಿಂದೆಯೇ ಸರ್ಕಾರದ ಪಡಿತರ ಬಂತು: ಬಿಳಿ ಹಿಟ್ಟು, ಹಂದಿಯ ಕೊಬ್ಬು, ಸಕ್ಕರೆ. ಇಂಥ ಹಿಟ್ಟನ್ನು ಇಂಥ ಕೊಬ್ಬಿನಲ್ಲಿ ಕರಿದ ರೊಟ್ಟಿಗೇ ಇಂದು ಮೂಲನಿವಾಸಿಗಳ ಸಾಂಪ್ರದಾಯಿಕ ತಿಂಡಿಯೆಂಬ ಹೆಸರು. (ಎರಡು ಮಂಗಳೂರು ಬನ್ಸ್ ಮುಗಿಸಿ ಕ್ಯಾಮೆರಾ ಮುಂದೆ ಕುಳಿತಿರುವ ನಾನು ಇದನ್ನು ಹೇಳುತ್ತಿದ್ದೇನೆ ಎಂಬುದು ಬೇರೆ ಮಾತು.)

1963ರಲ್ಲಿ ಸಂಧಿವಾತದ ಸಮೀಕ್ಷೆಗೆಂದು ಬಂದ ಸಂಶೋಧಕರ ಕಣ್ಣಿಗೆ ಬಿದ್ದದ್ದು ಮಧುಮೇಹ. 35 ದಾಟಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಅದಿದೆಯೆಂದು ಮುಂದಿನ ಅಧ್ಯಯನಗಳು ತೋರಿಸಿದವು. ಬರಗಾಲದಲ್ಲಿ ಕೊಬ್ಬು ಕೂಡಿಡಲು ನೆರವಾದ ಜೀನು ಸುಭಿಕ್ಷದಲ್ಲಿ ಮುಳುವಾಗುತ್ತದೆ ಎಂಬ ವಾದವನ್ನು ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಷ್ಟೇ ಮುಂದಿಟ್ಟಿದ್ದರು. ಸಿಕ್ಕಿದ್ದೇ ಸಾಕೆಂದು ಆ ಕೋಲನ್ನು ಪೀಮಾಗಳ ಬೆನ್ನಿಗೆ ಬೀಸಲಾಯಿತು. ಹಾಗಾದರೆ ಮೆಕ್ಸಿಕೋದ ಮೈಕೋಬಾ ಬೆಟ್ಟಗಳಲ್ಲಿ ಉತ್ತುಬಿತ್ತು ಬದುಕುವ, ಇದೇ ಮೂಲದ ಪೀಮಾಗಳ ಕಥೆಯೇನು? 2006ರಲ್ಲಿ ಪ್ರಕಟವಾದ ಹೋಲಿಕೆಯಂತೆ ಅಲ್ಲಿ ಮಧುಮೇಹ ನೂರಕ್ಕೆ ಸುಮಾರು 7 ಮಂದಿಗೆ, ಅರಿಜೋನಾದಲ್ಲಿ 38 ಮಂದಿಗೆ. ಜೀನಿಗೆ ಗಡಿ ದಾಟಲು ವೀಸಾ ಸಿಗಲಿಲ್ಲವೇ?

"ಜೀನಿನ ಪಾತ್ರ ಇಲ್ಲವೇ ಇಲ್ಲವೇ?" ಎಂದು ಕೇಳುವ ಪಂಡಿತರಿದ್ದಾರೆ. ಇದೆ ಮಹಾರಾಯರೇ, ಇರಲಿ. ಆದರೆ ನೀರು ಕದ್ದದ್ದು ಜೀನಲ್ಲ.

ಯಾರೇನು ಮಾಡಲಾದೀತು ಎಂದಿರಲ್ಲ, ಮಾಡಿದ್ದನ್ನು ಕೇಳಿ. 1997ರಲ್ಲಿ ಅಮೆರಿಕದ ಸಂಸತ್ತು ಮೂಲನಿವಾಸಿಗಳ ಮಧುಮೇಹಕ್ಕೆಂದೇ ಪ್ರತ್ಯೇಕ ಅನುದಾನ ತೆಗೆದಿಟ್ಟಿತು. ಬುಡಕಟ್ಟುಗಳು ತಮ್ಮ ಊರಿಗೆ ಒಪ್ಪುವ ಕಾರ್ಯಕ್ರಮಗಳನ್ನು ತಾವೇ ರೂಪಿಸಿಕೊಂಡವು. ಮೂತ್ರದಲ್ಲಿ ಪ್ರೋಟೀನ್ ಸೋರುತ್ತಿದೆಯೇ ಎಂದು ಮೊದಲೇ ನೋಡುವುದು, ಮೂತ್ರಪಿಂಡವನ್ನು ಕಾಯುವ ರಕ್ತದೊತ್ತಡದ ಮಾತ್ರೆ ಕೊಡುವುದು, ಬಾರದವರನ್ನು ಹುಡುಕಿಕೊಂಡು ಮನೆಗೆ ಹೋಗುವುದು, ಇಷ್ಟೇ. 1996ರಿಂದ 2013ರೊಳಗೆ ಮೂಲನಿವಾಸಿಗಳಲ್ಲಿ ಮಧುಮೇಹದಿಂದಾಗುವ ಮೂತ್ರಪಿಂಡ ವೈಫಲ್ಯ ಶೇ 54ರಷ್ಟು ಇಳಿಯಿತು. ವಾರಕ್ಕೆ ಮೂರು ದಿನ, ದಿನಕ್ಕೆ ನಾಲ್ಕು ಗಂಟೆ ಡಯಾಲಿಸಿಸ್ ಕುರ್ಚಿಯಲ್ಲಿ ತೋಳಿಗೆ ಸೂಜಿ ಚುಚ್ಚಿಸಿಕೊಂಡು ಕೂರಬೇಕಾಗಿದ್ದ ಎಷ್ಟೋ ಮಂದಿ ಕೂರಬೇಕಾಗಲಿಲ್ಲ. ಈ 17 ವರ್ಷಗಳಲ್ಲಿ ಇಡೀ ಜನಾಂಗದ ಜೀನು ಬದಲಾಯಿತೇ? ಹಣೆಬರಹವನ್ನು ಯಾರಾದರೂ ಅಳಿಸಿ ಬರೆದರೇ?

ಕೋಪದಲ್ಲಿ ಬರೆದುಕೊಂಡ ಪುಟ ಇಲ್ಲಿಗೆ ಮುಗಿಯಿತು, ಕೋಪ ಮುಗಿದಿಲ್ಲ. ಇನ್ನೂ ಚಂದಾದಾರರಾಗದವರು ಆಗಿಬಿಡಿ. "ಆದರೂ ಜೀನು" ಎಂದು ಬರೆಯುವವರು ಧಾರಾಳವಾಗಿ ಬರೆಯಿರಿ, ಪ್ರತಿಕ್ರಿಯೆ ಹೆಚ್ಚಿದಷ್ಟೂ ಚಾನೆಲ್ಲಿಗೇ ಲಾಭ. ಗಿಲಾದ ನೀರಿನಲ್ಲಿ ಪೀಮಾಗಳಿಗೆ ಹಕ್ಕಿನ ಪಾಲನ್ನು ಇತ್ಯರ್ಥಪಡಿಸುವ ಕಾನೂನು 2004ರಲ್ಲಿ ಬಂತು. ಅಷ್ಟು ತಡವಾದದ್ದು ಯಾವ ಜೀನಿನಿಂದ ಎಂಬುದನ್ನೂ ಅದರ ಜೊತೆಗೇ ಬರೆದು ಕಳಿಸಿ.