ಬಿಸಿಲಿಗೆ ಹೆದರಿ ಟೈರ್ ಗಾಳಿ ಬಿಡೋರಿಗೆ

ಹೋದ ಮೇ ತಿಂಗಳು ಬೆಂಗಳೂರಿಂದ ಕಲಬುರಗಿಗೆ ಕಾರಲ್ಲಿ ಹೊರಟಿದ್ವಿ. ನಾನು, ಭಾವ, ಹಿಂದೆ ಅಕ್ಕ, ಎರಡು ಮಕ್ಕಳು, ಡಿಕ್ಕಿ ತುಂಬ ಸಾಮಾನು. ಬೆಳಗಿನ ಜಾವ ಹೊರಡೋಕೆ ಮುಂಚೆ ನಾಲ್ಕೂ ಟೈರಿಗೆ 33 ಪಿಎಸ್ಐ (ಗಾಳಿ ಒತ್ತಡದ ಅಳತೆ, ಬಾಯಿಮಾತಲ್ಲಿ ಪಾಯಿಂಟ್) ಇದೆ ಅಂತ ನಾನೇ ನೋಡಿದ್ದೆ. ಲಿಂಗಸುಗೂರು ದಾಟಿದ ಮೇಲೆ ಒಂದು ಪಂಕ್ಚರ್ ಅಂಗಡಿ ಪಕ್ಕ ಟೀಗೆ ನಿಲ್ಲಿಸಿದ್ವಿ. ಭಾವ ಸುಮ್ನೆ ಇರ್ಬೇಕಲ್ಲ, ಗಾಳಿ ಅಳೆಯೋ ಗೇಜ್ ಹಾಕ್ಸಿದ್ರು. 38! ಅಂಗಡಿಯವ್ರು ಟೈರ್ ಮುಟ್ಟಿ ನೋಡಿ, "ಬಿಸ್ಲು ಭಾಳ ಅದ ರೀ, ಗಾಳಿ ಬಿಡ್ರಿ, ಇಲ್ಲಂದ್ರ ಒಡೀತದ" ಅಂದ್ರು. ಭಾವನೂ ಹೌದು ಹೌದು ಅಂದ್ರು. ಬಿಟ್ವಿ. ಬುಸ್ ಅಂತ ಐದು ಪಾಯಿಂಟ್ ಗಾಳಿ ಹೋಯ್ತು, ಮತ್ತೆ 33. ಎಲ್ಲರಿಗೂ ನೆಮ್ಮದಿ.

ಮಾರನೇ ಬೆಳಿಗ್ಗೆ ಕಾರ್ ಅಲುಗಿಸದೇ ನೋಡ್ತೀನಿ, 28ಕ್ಕೂ ಒಂಚೂರು ಕಮ್ಮಿ.

ಆಗಿದ್ದಿಷ್ಟೆ. ಕಾರ್ ಕಂಪನಿ ಹೇಳೋ ನಂಬರ್ ತಣ್ಣಗಿರೋ ಟೈರಿಗೆ. ಮೂರು ಗಂಟೆ ನಿಂತಿರ್ಬೇಕು, ಇಲ್ಲಾ ಒಂದೆರಡು ಕಿಲೋಮೀಟರಿಗಿಂತ ಜಾಸ್ತಿ ಓಡಿರ್ಬಾರ್ದು. ಓಡಿದ ಮೇಲೆ ನಾಲ್ಕೈದು ಪಾಯಿಂಟ್ ಏರುತ್ತೆ. ಏರಲಿ ಅಂತಾನೇ ಆ ನಂಬರ್ ಇಟ್ಟಿರೋದು, ಆ ಏರಿಕೆ ಲೆಕ್ಕದಲ್ಲೇ ಇದೆ. ಬಹಳಷ್ಟು ಕಾರ್ ಟೈರ್‌ಗಳ ಪಕ್ಕದಲ್ಲಿ ಗರಿಷ್ಠ ಅಂತ 44 ಇಲ್ಲಾ 51 ಅಚ್ಚಾಗಿರುತ್ತೆ. ಅಷ್ಟು ಹಾಕ್ಸಿ ಅಂತಲ್ಲ ಮತ್ತೆ! 38ಕ್ಕೆ ಗಾಬರಿಯಾಗೋದು ಬೇಡ ಅಂತ ಹೇಳ್ದೆ ಅಷ್ಟೆ.

ಇನ್ನು ಈ "ಒಡೀತದ" ಅನ್ನೋ ಮಾತು. ಒಂದು ತಂತಿ ತಗೊಂಡು ಹಿಂದೆ ಮುಂದೆ ಬಗ್ಗಿಸ್ತಾ ಇರಿ. ಬಗ್ಗೋ ಜಾಗ ಬೆರಳು ಸುಡೋ ಹಾಗೆ ಕಾಯುತ್ತೆ, ಆಮೇಲೆ ಪಟ್ ಅಂತ ಮುರಿಯುತ್ತೆ. ಗಾಳಿ ಕಮ್ಮಿ ಇರೋ ಟೈರಿನ ಪಕ್ಕದ ಗೋಡೆಗೂ ಇದೇ ಗತಿ. ನೆಲ ತಾಗಿದಾಗಲೆಲ್ಲ ಮಡಚುತ್ತೆ, ಬಿಚ್ಚುತ್ತೆ. ನೂರರ ಸ್ಪೀಡಲ್ಲಿ ಚಕ್ರ ಸೆಕೆಂಡಿಗೆ ಹದಿನಾಲ್ಕು ಹದಿನೈದು ಸುತ್ತು ಹೊಡೆಯುತ್ತೆ, ಅಷ್ಟೂ ಸಲ ಮಡಚುತ್ತೆ. ಕಾವು ಹುಟ್ಟೋದು ಅಲ್ಲಿ. ಬಿಸಿಲು ಮೇಲಿನಿಂದ ಬೀಳೋದು, ಇದು ಒಳಗಿಂದ ಬೇಯೋದು. ಅಂದ್ರೆ ಟೈರ್ ಕಾಯ್ಬಾರ್ದು ಅಂತ ಗಾಳಿ ಬಿಟ್ಟು, ಇನ್ನೂ ಜಾಸ್ತಿ ಕಾಯೋ ಹಾಗೆ ಮಾಡ್ಕೊಂಡ್ವಿ ನಾವು. ಅದೂ ಐದು ಜನ ಕೂತು! ಡ್ರೈವರ್ ಬಾಗಿಲು ತೆಗೆದ್ರೆ ಕಾಣೋ ಸ್ಟಿಕರಲ್ಲಿ, ಕಾರ್ ತುಂಬಿದಾಗ ಹಿಂದಿನ ಟೈರಿಗೆ 36 ಅಂತ ಬರೆದೇ ಇತ್ತು. ಐದು ವರ್ಷದಿಂದ ಅದೇ ಬಾಗಿಲು ತೆಗೀತಿದೀನಿ, ಓದಿರ್ಲಿಲ್ಲ.

ನಿಜ ಹೇಳ್ಬೇಕಂದ್ರೆ ಗಾಳಿ ಬಗ್ಗೆ ಯೋಚ್ನೆ ಮಾಡ್ಬೇಕಾಗಿರೋದು ಚಳಿಗಾಲದಲ್ಲಿ. ಹತ್ತು ಡಿಗ್ರಿ ಇಳಿದ್ರೆ ಒಂದೂವರೆ ಪಾಯಿಂಟ್ ಹೋಗುತ್ತೆ. ಜೊತೆಗೆ ಏನೂ ತೂತಿಲ್ಲದಿದ್ರೂ ತಿಂಗಳಿಗೆ ಸುಮಾರು ಒಂದು ಪಾಯಿಂಟ್ ತಾನಾಗೇ ಸೋರುತ್ತೆ. ದೀಪಾವಳಿಗೆ ಹಾಕ್ಸಿ ಸಂಕ್ರಾಂತಿವರೆಗೂ ಮರೆತ್ರೆ ಟೈರ್ ಅರೆಹೊಟ್ಟೆಯಲ್ಲಿರುತ್ತೆ. ಆಗ ಯಾರೂ ಬಂಕಲ್ಲಿ ನಿಂತು ಚಳಿ ಐತೆ ಅನ್ನಲ್ಲ.

ಘಾಟಿ ವಿಷ್ಯ ಒಂದು ಮಜಾ ಇದೆ. ಮಂಗಳೂರಿಂದ ಮಡಿಕೇರಿಗೆ ಸುಮಾರು 1,150 ಮೀಟರ್ ಹತ್ತೀವಿ. ಹೊರಗಿನ ಗಾಳಿಯ ಒತ್ತಡ ಕಮ್ಮಿಯಾಗಿ ಗೇಜ್ ಎರಡು ಪಾಯಿಂಟ್ ಹತ್ತಿರ ಜಾಸ್ತಿ ತೋರಿಸ್ಬೇಕು. ಆದ್ರೆ ಮೇಲೆ ತಂಪು, ಆ ತಂಪು ಹೆಚ್ಚುಕಮ್ಮಿ ಅಷ್ಟನ್ನೂ ವಾಪಸ್ ತಗೊಳ್ಳುತ್ತೆ. ಹೋಂಸ್ಟೇ ಮುಂದೆ ಬೆಳಿಗ್ಗೆ ನೋಡಿದ್ರೆ ಮನೇಲಿದ್ದ ನಂಬರ್ರೇ.

ಮಳೇಲಿ ಗ್ರಿಪ್ ಸಿಗ್ಲಿ ಅಂತ ಗಾಳಿ ಇಳಿಸೋರೂ ಇದಾರೆ. ದಯವಿಟ್ಟು ಬೇಡ. ಗಾಳಿ ಕಮ್ಮಿಯಾದ್ರೆ ಟೈರಿನ ನಡುಭಾಗ ಒಳಗೆ ಕುಸಿದು ನೀರು ಹೋಗೋ ಗೀರುಗಳು ಮುಚ್ಕೊಳ್ಳುತ್ವೆ, ಕಾರ್ ಕಮ್ಮಿ ಸ್ಪೀಡಲ್ಲೇ ನೀರಿನ ಮೇಲೆ ತೇಲೋಕೆ ಶುರು ಮಾಡುತ್ತೆ. ಎಸ್ಟೇಟ್ ಕೆಸರಲ್ಲಿ, ಬೀಚ್ ಮರಳಲ್ಲಿ ಜೀಪಿನೋರು 18–20ಕ್ಕೆ ಇಳಿಸ್ತಾರೆ, ಸರಿ. ಆದ್ರೆ ಅವ್ರು ನಡಿಗೆ ವೇಗದಲ್ಲಿ ಹೋಗಿ, ಡಾಂಬರಿಗೆ ಹತ್ತೋಕೆ ಮುಂಚೆ ವಾಪಸ್ ತುಂಬಿಸ್ತಾರೆ. ಇನ್ನು ಮಾಮೂಲಿ ಗಾಳಿ ಬದಲು ನೈಟ್ರೋಜನ್ ಹಾಕ್ಸಿದ್ರೆ? ಮಾಮೂಲಿ ಗಾಳೀಲೇ 78 ಪರ್ಸೆಂಟ್ ಅದಿದೆ. ಬಿಸಿಗೆ ಅದೂ ಏರುತ್ತೆ, ಚಳಿಗೆ ಇಳಿಯುತ್ತೆ. ದುಡ್ಡಿದ್ರೆ ಹಾಕ್ಸಿ.

ಕಲಬುರಗಿಯಿಂದ ಬಂದ ವಾರ ಒಂದು ಸಣ್ಣ ಗೇಜ್ ತಗೊಂಡೆ. ಭಾನುವಾರ ಬೆಳಿಗ್ಗೆ ಕಾಫಿ ಆದ್ಮೇಲೆ ಕೆಳಗಿಳಿದು ನೋಡ್ತೀನಿ, ಐದು ನಿಮಿಷದ ಕೆಲ್ಸ. ಈ ವಿಡಿಯೋ ಮಾಡೋಕೆ ಕೂರೋ ಮುಂಚೆನೂ ನೋಡ್ದೆ. ನಾಲ್ಕೂ ಸರಿಯಿತ್ತು. ಯಾಕೋ ಡಿಕ್ಕಿ ತೆಗೆದು, ಮ್ಯಾಟ್ ಎತ್ತಿ ಸ್ಟೆಪ್ನಿಗೂ ಗೇಜ್ ಒತ್ತಿದೆ. 14. ಭಾವನಿಗೆ ಹೇಳ್ಬೇಡಿ.