ಫ್ಲೇವರ್‌ಗೆ ಕನ್ನಡದಲ್ಲಿ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಒಳಗೆ ಬರುವಾಗ ನಿಮ್ಮ ಕೈಗೆ ಒಂದು ಚಿಟಿಕೆ ಜೀರಿಗೆ ಕೊಟ್ಟಿದ್ದಾರೆ, ಇನ್ನೂ ಬಾಯಿಗೆ ಹಾಕಿಕೊಂಡಿಲ್ಲ ಅಲ್ವಾ? ಈಗ ಮೂಗು ಗಟ್ಟಿಯಾಗಿ ಹಿಡಿದುಕೊಂಡು ಅಗಿಯಿರಿ. ಏನು ಗೊತ್ತಾಗುತ್ತಿದೆ? ಸ್ವಲ್ಪ ಕಹಿ, ಹೊಟ್ಟು ಅಗಿದ ಹಾಗೆ, ಅಷ್ಟೇ. ಈಗ ಮೂಗು ಬಿಡಿ. ಬಂತಾ? ಜೀರಿಗೆ ಈಗ ಜೀರಿಗೆಯಾಯಿತು.

ಆ ಬಂದದ್ದೇ ಫ್ಲೇವರ್. ಅಗಿಯುವಾಗ ಎದ್ದ ಘಮ ಗಂಟಲ ಹಿಂದಿನಿಂದ ಮೂಗಿಗೆ ಏರುತ್ತದೆ, ನಾವು ಮಾತ್ರ ಅದು ನಾಲಗೆಯ ಮೇಲೇ ಇದೆ ಅಂದುಕೊಳ್ಳುತ್ತೇವೆ. ನೆಗಡಿಯಾದಾಗ ಸಾರು ಸಪ್ಪೆ ಅನ್ನಿಸುವುದು ಇದಕ್ಕೇ. ನಾಲಗೆಗೆ ಗೊತ್ತಾಗುವುದು ಸಿಹಿ, ಹುಳಿ, ಉಪ್ಪು, ಕಹಿ. ಜಪಾನಿನ ರಸಾಯನ ವಿಜ್ಞಾನಿ ಇಕೆಡಾ 1908ರಲ್ಲಿ ಕಡಲಕಳೆಯ ಸಾರಿನಲ್ಲಿ ಗುರುತಿಸಿದ ಉಮಾಮಿ ಅನ್ನುವ ರುಚಿ ಐದನೆಯದು. ನಾವು ಲೆಕ್ಕ ಹಾಕುವ ಆರು ರುಚಿಗಳಲ್ಲಿ ಖಾರವೂ ಇದೆ, ಆದರೆ ಮೆಣಸಿನಕಾಯಿ ತಾಕುವುದು ಬಿಸಿ ಮತ್ತು ನೋವನ್ನು ಹಿಡಿಯುವ ನರಕ್ಕೆ. ಆ ನರ ಬಿಸಿಯನ್ನು ಹೇಗೆ ಹಿಡಿಯುತ್ತದೆ ಅಂತ ತೋರಿಸಿದ ವಿಜ್ಞಾನಿ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ಮಿರ್ಚಿ ಕಚ್ಚಿ "ಬಾಯಿ ಉರೀತು" ಅನ್ನುವ ನಮ್ಮ ಮಾತು ಎಷ್ಟು ಸರಿಯಾಗಿದೆ ನೋಡಿ.

ಹಾಗಾದರೆ ಫ್ಲೇವರ್ ಅನ್ನುವುದಕ್ಕೆ ಸುಮ್ನೆ "ರುಚಿ" ಅಂತ ಬರೆದರೆ ಅರ್ಧ ಮಾತ್ರ ಹೇಳಿದ ಹಾಗೆ. ಇದು ನನಗೆ ತುಂಬಾ ದಿನದಿಂದ ಕಾಡುತ್ತಿರುವ ವಿಷಯ. ಹಳೆಯ ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಆ ಪದಕ್ಕೆ ವಾಸನೆ ಅಂತಲೇ ಅರ್ಥವಿತ್ತು. ರುಚಿ ಆಮೇಲೆ ಸೇರಿಕೊಂಡಿತು, ಅಲ್ಲಿಂದ ಊರಿನ ಗುಣ, ಮಾತಿನ ಗುಣ, ಕಥೆಯ ಗುಣ ಅಂತ ಹರಡಿಕೊಂಡಿತು.

ಇದೇ ದಾರಿಯಲ್ಲಿ ನಡೆದ ಪದ ನಮ್ಮಲ್ಲಿ ಇದೆ: ಸೊಗಡು. ಚಳಿಗಾಲದಲ್ಲಿ ಅವರೆಕಾಯಿ ಕೊಳ್ಳುವಾಗ ಏನು ಮಾಡುತ್ತೇವೆ? ಒಂದು ಕಾಯಿ ಉಜ್ಜಿ ಮೂಸುತ್ತೇವೆ. ಇಬ್ಬನಿ ಬಿದ್ದ ಕಾಯಿಯಾದರೆ ಸೊಗಡು ಜಾಸ್ತಿ ಅನ್ನುತ್ತಾರೆ, ಬೆರಳಿಗೆ ಹತ್ತಿದ ಸೊನೆಯ ವಾಸನೆ ಕೈ ತೊಳೆದರೂ ಹೋಗುವುದಿಲ್ಲ. ಸೊಗಡು ಅಂದರೆ ಮೊದಲು ಆ ಗಾಢವಾದ ವಾಸನೆ. ಅದೇ ಪದವನ್ನು ಈಗ ನಾವು ಭಾಷೆಗೆ ಹಾಕುತ್ತೇವೆ. ಹಳ್ಳಿ ಸೊಗಡು, ದಾವಣಗೆರೆ ಮಾತಿನ ಸೊಗಡು, ಚಿತ್ರದುರ್ಗದ ಸೀಮೆಯ ಸೊಗಡು. ಮೂಗಿನಿಂದ ಹೊರಟು ಮಾತಿಗೆ ಬಂತು. ಯಾರೂ ಕೂತು ಅನುವಾದ ಮಾಡಿದ್ದಲ್ಲ, ಜನ ಬಳಸುತ್ತಾ ಬಳಸುತ್ತಾ ತಾನಾಗಿ ಆಯಿತು.

ಆದರೆ ಐಸ್‌ಕ್ರೀಮ್ ಅಂಗಡಿಯಲ್ಲಿ "ಯಾವ ಸೊಗಡು ಬೇಕು?" ಅಂತ ಯಾರೂ ಕೇಳುವುದಿಲ್ಲ, ಕೇಳಬೇಕು ಅಂತ ನಾನೂ ಹೇಳುವುದಿಲ್ಲ. ಅಲ್ಲಿ ಫ್ಲೇವರ್ ಅಂದರೆ ಬಗೆ. ಈ "ಬಗೆ" ಅನ್ನುವ ಅರ್ಥ ಎಲ್ಲಿಗೆ ಹೋಯಿತು ಗೊತ್ತಾ? 1971ರಲ್ಲಿ ಮರ್ರೆ ಗೆಲ್-ಮನ್ ಮತ್ತು ಹರಾಲ್ಡ್ ಫ್ರಿಚ್ ಅನ್ನುವ ಭೌತವಿಜ್ಞಾನಿಗಳು ಅಮೆರಿಕದ ಪಾಸಡೀನಾದಲ್ಲಿ ಒಂದು ಐಸ್‌ಕ್ರೀಮ್ ಅಂಗಡಿಗೆ ಹೋಗಿದ್ದರು. ಅಲ್ಲಿನ ಬಗೆಬಗೆಯ ಐಸ್‌ಕ್ರೀಮ್ ನೋಡಿ, ಕ್ವಾರ್ಕ್ ಅನ್ನುವ ಸೂಕ್ಷ್ಮ ಕಣಗಳ ಬಗೆಗಳಿಗೂ ಫ್ಲೇವರ್ ಅಂತಲೇ ಹೆಸರಿಟ್ಟರು. ಈಗ ಕ್ವಾರ್ಕ್‌ಗೆ ಆರು ಫ್ಲೇವರ್, ನ್ಯೂಟ್ರಿನೋ ಅನ್ನುವ ಇನ್ನೊಂದು ಕಣಕ್ಕೆ ಮೂರು. ಅಲ್ಲಿ ಮೂಗೂ ಇಲ್ಲ, ನಾಲಗೆಯೂ ಇಲ್ಲ. ಕಂಪ್ಯೂಟರ್‌ನವರು ಕುಬುಂಟು, ಲುಬುಂಟು ಇವನ್ನೆಲ್ಲ ಉಬುಂಟು ಅನ್ನುವ ಆಪರೇಟಿಂಗ್ ಸಿಸ್ಟಮ್‌ನ ಫ್ಲೇವರ್ ಅನ್ನುವುದೂ ಹೀಗೆಯೇ.

ಇನ್ನು ಪ್ಯಾಕೆಟ್ಟಿನ ಮೇಲೆ ಬರೆಯುವ ಫ್ಲೇವರ್. ಅದೊಂದು ವಸ್ತು, ಬಾಟಲಿಯಲ್ಲಿ ಬರುತ್ತದೆ. ವೆನಿಲ್ಲಾ ಘಮದ ಮುಖ್ಯ ಅಂಶವಾದ ವೆನಿಲಿನ್ ಅನ್ನು 1874ರಲ್ಲೇ ಜರ್ಮನಿಯಲ್ಲಿ ಪೈನ್ ಜಾತಿಯ ಮರದಿಂದ ಸಿಗುವ ಪದಾರ್ಥದಿಂದ ತಯಾರಿಸಿದರು. ನಮ್ಮ ಮಲೆನಾಡಿನ ರೈತರು 2003ರ ಸುಮಾರಿಗೆ ಬೆಲೆ ನೋಡಿ ವೆನಿಲ್ಲಾ ಬಳ್ಳಿ ಹಾಕಿದರು, ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಿದರು, ಆಮೇಲೆ ಬೆಲೆ ಬಿದ್ದು ಕೈ ಸುಟ್ಟುಕೊಂಡರು. ಒಂದೇ ಪದದ ಕೆಳಗೆ ಬಾಟಲಿಯೂ ಇದೆ, ಆ ಬಳ್ಳಿಯೂ ಇದೆ. ಹೀಗಾಗಿ ಪ್ಯಾಕೆಟ್ ಓದುವಾಗ ಇದು ಯಾವ ಫ್ಲೇವರ್ ಅಂತ ನಾನು ನಿಂತು ನೋಡುತ್ತೇನೆ.

ಇಂಗ್ಲಿಷಿನಲ್ಲಿ ಇದು ಕ್ರಿಯಾಪದವೂ ಹೌದು. ಕನ್ನಡದಲ್ಲಿ ಅದಕ್ಕೆ "ಒಗ್ಗರಣೆ ಹಾಕು" ಅನ್ನುವುದಕ್ಕಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ. ಅಡುಗೆಗೂ ಹಾಕುತ್ತೇವೆ, ಮಾತಿಗೂ ಹಾಕುತ್ತೇವೆ.

ನನಗೆ ನಿಜವಾಗಿ ಚಿಂತೆ ಇರುವುದು ಫ್ಲೇವರ್ ಅನ್ನುವ ಪದ ಬಂತು ಅಂತಲ್ಲ. ಬರಲಿ. ಅದು ಬಂದು ಉಳಿದೆಲ್ಲವನ್ನೂ ಮುಚ್ಚಿಬಿಡುತ್ತದೆ ಅನ್ನುವುದು. ಬೆಣ್ಣೆ ದೋಸೆಯ ಕಾವಲಿ ಹತ್ತಿರ ಒಂದು ನಿಮಿಷ ನಿಲ್ಲಿ. ಸೌದೆ ಒಲೆಯ ಹೊಗೆ, ಅಕ್ಕಿ ಉದ್ದು ಮಂಡಕ್ಕಿ ಸೇರಿಸಿ ರುಬ್ಬಿದ ಹಿಟ್ಟಿನ ಹುಳಿ, ಕಾವಲಿಗೆ ಬಿದ್ದು ಕರಗುವ ಬೆಣ್ಣೆಯ ಕಂಪು. ಒಂದು ಸ್ವಲ್ಪ ಹೊತ್ತಾದರೆ ಸೀದ ವಾಸನೆ. ಬೆಣ್ಣೆ ಹಳೆಯದಾದರೆ ಕಮಟು. ಪಕ್ಕದಲ್ಲಿ ಮೆಣಸಿನಕಾಯಿ ಎಣ್ಣೆಗೆ ಬಿದ್ದರೆ ಘಾಟು. ಮಳೆಗಾಲದಲ್ಲಿ ಚೀಲದೊಳಗಿನ ಹಿಟ್ಟಿಗೆ ಮುಗ್ಗು. ಇಷ್ಟನ್ನೂ "ಒಳ್ಳೆ ಫ್ಲೇವರ್", "ಕೆಟ್ಟ ಫ್ಲೇವರ್" ಅಂತ ಎರಡು ಮಾತಿನಲ್ಲಿ ಮುಗಿಸಿದರೆ ನಮ್ಮ ಮೂಗಿಗೆ ಗೊತ್ತಿರುವುದು ನಮ್ಮ ಬಾಯಿಗೆ ಬರುವುದಿಲ್ಲ. ಮಕ್ಕಳಿಗೆ ಕಮಟು ಅನ್ನುವ ಪದ ಗೊತ್ತಿಲ್ಲದಿದ್ದರೆ ಕೆಟ್ಟ ಎಣ್ಣೆಯನ್ನು ಅವರು ಏನಂತ ಹೇಳಿ ವಾಪಸ್ ಕೊಡಬೇಕು? ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲಿನ ಹತ್ತಿರ ಬೆಳೆದವರನ್ನು ಕೇಳಿ, ಎಣ್ಣೆ ಹೊಸದೋ ಹಳೆಯದೋ ಅಂತ ಮೂಸಿಯೇ ಹೇಳುತ್ತಾರೆ.

ಹಿಂದೆ ಕೂತಿರುವ ಅಮ್ಮಂದಿರಿಗೆ ಒಂದು ಕೇಳಿಕೆ. ಹೊಸ ಮಡಕೆಗೆ ನೀರು ತುಂಬಿದ ಮೊದಲ ದಿನ ಆ ನೀರಿಗೆ ಒಂದು ವಾಸನೆ ಇರುತ್ತದಲ್ಲ, ಅದಕ್ಕೆ ನಿಮ್ಮ ಊರಲ್ಲಿ ಏನಂತಾರೆ? ನೆನಪು ಮಾಡಿಕೊಳ್ಳಿ, ಪುಸ್ತಕ ತಂದಿದ್ದೇನೆ, ಚಹಾ ಕುಡಿಯುವಾಗ ಬಂದು ಬರೆದುಕೊಳ್ಳುತ್ತೇನೆ.